ಭಾವನ ಕಾರಿನ ಪೆಟ್ರೋಲ್ ಮುಚ್ಚಳ

ನನ್ನ ಭಾವ ಹಲ್ಲು ಮಾಡುವವರು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಭಾವ ಮನೆಯ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಕೂತು, ಆ ಅಚ್ಚಿಗೆ ತಕ್ಕ ಹಾಗೆ ಒಸಡು ಕಟ್ಟಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಊರಿನ ಅರ್ಧಕ್ಕರ್ಧ ಮುದುಕರು ನಗುವುದು ಭಾವನ ಹಲ್ಲಿನಲ್ಲೇ. ದಿನವಿಡೀ ಕೂತು ನಕಲಿ ಮಾಡುವ ಈ ಮನುಷ್ಯ ಸಂಜೆ ಕೈ ತೊಳೆದು ಪಕ್ಕದ ಶೆಡ್ಡಿಗೆ ಕಾಲಿಟ್ಟರೆ ಸಾಕು, ನಕಲಿ ಎಂಬ ಮಾತು ಕೇಳಿದರೇ ಉರಿದು ಬೀಳುತ್ತಾರೆ. ಅಲ್ಲಿ ಎಲ್ಲವೂ ಒರಿಜಿನಲ್ ಆಗಿರಬೇಕು.

ಶೆಡ್ಡಿನಲ್ಲಿರುವುದು ಒಂದು ಕಾರು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡನೆಯ, ಕಡುಹಸಿರು ಬಣ್ಣದ ಹಳೇ ಸ್ಪೋರ್ಟ್ಸ್ ಕಾರು. ಅದನ್ನು ಮಾಡಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಅಕ್ಕ-ಭಾವ ಹೊಸದಾಗಿ ಸಂಸಾರ ಹೂಡಿದಾಗ, ಮಂಚ ತರುತ್ತೇನೆಂದು ಹೋದ ಭಾವ ಸಂಜೆ ಲಾರಿಯ ಹಿಂದೆ ಇದನ್ನು ಕಟ್ಟಿಸಿಕೊಂಡು ಬಂದಿದ್ದರು. ಆಗ ಅದರ ಸೀಟಿನಲ್ಲಿ ಒಂದು ಕೋಳಿ ಕಾವು ಕೂತಿತ್ತಂತೆ. ಅಕ್ಕ ಬಾಗಿಲಲ್ಲಿ ನಿಂತು ಕಾರನ್ನೂ ಕೋಳಿಯನ್ನೂ ಗಂಡನನ್ನೂ ಒಂದೊಂದಾಗಿ ನೋಡಿ, "ಇದರಲ್ಲಿ ಯಾವುದನ್ನ ಒಳಗೆ ಕರ್ಕೊಳ್ಳಲಿ?" ಎಂದು ಕೇಳಿದಳಂತೆ. ಈಗಲೂ ಮನೆಗೆ ಬಂದವರು ಕೇಳಿದರೆ, "ನಮ್ಮ ಮಂಚ ಶೆಡ್ಡಲ್ಲಿದೆ" ಅನ್ನುತ್ತಾಳೆ.

ನಾನು ಅಕ್ಕನ ತಂಗಿ. ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೇನೆ, ಸ್ಕೂಲ್ ವ್ಯಾನ್ ಓಡಿಸುತ್ತೇನೆ. ನನ್ನ ಲೆಕ್ಕದಲ್ಲಿ ಕಾರೆಂದರೆ ಕೀಲಿ ತಿರುಗಿಸಿದ ಕೂಡಲೇ ಹೊರಡಬೇಕು, ತುಳಿದಾಗ ನಿಲ್ಲಬೇಕು, ಅಷ್ಟೇ. ನನ್ನ ವ್ಯಾನಿನ ಇಂಜಿನ್ನು ಒಂದು ಗಾಡಿಯದು, ಬಾಗಿಲು ಇನ್ನೊಂದರದು, ಹಾರ್ನು ಯಾವುದರದೆಂದು ಆ ದೇವರಿಗೇ ಗೊತ್ತು. ಅದರಲ್ಲಿ ಒರಿಜಿನಲ್ ಆಗಿ ಉಳಿದಿರುವುದು ನಾನೊಬ್ಬಳೇ. ಹೀಗಂದರೆ ಭಾವನಿಗೆ ಸಂಕಟವಾಗುತ್ತದೆ. "ನಾದಿನಿ ಮಹಾರಾಣಿ, ಆ ವ್ಯಾನಿಗೂ ಒಂದು ಆತ್ಮ ಇರುತ್ತಮ್ಮ" ಅನ್ನುತ್ತಾರೆ. "ಇತ್ತು ಭಾವ, ಗೇರ್‌ಬಾಕ್ಸ್ ಬದಲಾಯಿಸಿದಾಗ ಅದೂ ಹೋಯ್ತು" ಅನ್ನುತ್ತೇನೆ ನಾನು.

ಭಾವನ ಹುಡುಕಾಟದ ಪರಿ ನೋಡಬೇಕು. ಗುಜರಿ ಅಂಗಡಿಗೆ ಹೋದರೆ ಕಬ್ಬಿಣದ ರಾಶಿಯೊಳಗೆ ಅರ್ಧ ಮೈ ತೂರಿಸಿ, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಸಂದಿಯೊಳಗೆ ಇಳಿಬಿಟ್ಟು, "ಬಾ, ಬಾ, ಹೊರಗೆ ಬಾ ನನ್ನಪ್ಪ" ಎಂದು ಬೋಲ್ಟುಗಳನ್ನು ಮಾತಾಡಿಸುತ್ತಾರೆ. ಹುಳುಕು ಕೆರೆಯುವ ಕೊಕ್ಕೆಯಿಂದ ಕಾರಿನ ಬಣ್ಣವನ್ನು ಪದರ ಪದರವಾಗಿ ಕೆರೆದು, ಕೆಂಪಿನಡಿ ನೀಲಿ, ನೀಲಿಯಡಿ ಬೂದು, ಅದರಡಿ ಈ ಕಡುಹಸಿರು ಸಿಕ್ಕಿದ ದಿನ, ಕೈಯಲ್ಲಿದ್ದ ಯಾರದೋ ಮೇಲ್ದವಡೆಯ ಸಮೇತ ಅಡುಗೆಮನೆಗೆ ಓಡಿ ಬಂದು ಅಕ್ಕನನ್ನು ಎರಡು ಸುತ್ತು ತಿರುಗಿಸಿದ್ದರು. ಅಕ್ಕನಿಗಂತೂ ಊಟದ ತಟ್ಟೆಯ ಪಕ್ಕ ಸ್ಕ್ರೂ ಕಂಡರೆ ಏನೂ ಅನ್ನಿಸುವುದಿಲ್ಲ. ಒಮ್ಮೆ ಒಂದು ವೈಪರ್ ಕಡ್ಡಿಗಾಗಿ ಭಾವ ಅಪರಿಚಿತರೊಬ್ಬರ ತೋಟಕ್ಕೆ ಹೋಗಿ, ಬಳ್ಳಿಗೆ ಆಸರೆಯಾಗಿ ನೆಟ್ಟಿದ್ದನ್ನು ಕಿತ್ತುಕೊಂಡು, ಅದರ ಬದಲಿಗೆ ತಮ್ಮ ಕೊಡೆಯನ್ನು ನೆಟ್ಟು ಬಂದರು.

ಎಲ್ಲವೂ ಸಿಕ್ಕಿತು, ಗೇರ್ ನಾಬೊಂದು ಬಿಟ್ಟು. ಗೇರ್ ಕೋಲಿನ ತುದಿಯ ಗುಂಡು ಅದು. ಕಪ್ಪಗೆ, ನೆತ್ತಿಯ ಮೇಲೆ ಗೇರಿನ ನಕ್ಷೆಯ ಸಣ್ಣ ಬಿಳಿ ಗೆರೆಗಳು. ವರ್ಷಗಟ್ಟಲೆ ಹುಡುಕಿ ಭಾವ ಸೋತು ಸುಣ್ಣವಾದರು. ಆಮೇಲೆ ಆಗಿದ್ದನ್ನು ಹೇಳುವ ಮೊದಲು ಕ್ಲಬ್ಬಿನ ವಿಷಯ ಹೇಳಬೇಕು.

ಊರಲ್ಲಿ ಈ ಜಾತಿಯ ಕಾರು ಇರುವುದು ಐದು. ಐದಕ್ಕೂ ಸೇರಿ ಒಂದು ಕ್ಲಬ್ಬು. ಹಳೇ ಬಸ್ ಡಿಪೋದ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಅಧ್ಯಕ್ಷರನ್ನು ನಾವು ಪುರಾವೆ ಯಜಮಾನರು ಅನ್ನುತ್ತೇವೆ. ತಕ್ಕಡಿ, ತೂಕದ ಬಟ್ಟುಗಳಿಗೆ ಮುದ್ರೆ ಹಾಕುವ ಇಲಾಖೆಯಲ್ಲಿದ್ದು ನಿವೃತ್ತರಾದವರು. ಯಾರಾದರೂ "ಇವತ್ತು ಸೆಖೆ ಜಾಸ್ತಿ" ಅಂದರೂ "ಪುರಾವೆ?" ಅನ್ನುವ ಆಸಾಮಿ. ಕಾರಿನ ಪ್ರತಿ ಅಂಗವನ್ನೂ ಪರೀಕ್ಷಿಸಿ, ಎಲ್ಲವೂ ಒರಿಜಿನಲ್ ಎಂದು ಖಾತ್ರಿಯಾದರೆ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಭಾವನ ಜೀವವೆಲ್ಲ ಆ ಬಿಲ್ಲೆಯ ಮೇಲಿತ್ತು. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆಂದು ಜಾಗ ಬಿಟ್ಟು, ದಿನಾ ಆ ಖಾಲಿ ಜಾಗವನ್ನೂ ಒರೆಸುತ್ತಿದ್ದರು.

ಇನ್ನೊಂದು ಗುಟ್ಟಿದೆ. ಪುರಾವೆ ಯಜಮಾನರ ಹಲ್ಲಿನ ಸೆಟ್ಟು ಭಾವ ಕಟ್ಟಿದ್ದು. ಅಚ್ಚು ಬಂದಾಗ ಭಾವನಿಗೆ ಹೆಸರು ಗೊತ್ತಿರಲಿಲ್ಲ. ಡಾಕ್ಟರು ರೋಗಿಯ ಹರೆಯದ, ಕೋಟು ತೊಟ್ಟ ಫೋಟೋವೊಂದನ್ನೂ ಕಳಿಸಿದ್ದರು. ಅಕ್ಕನೂ ಅದನ್ನು ನೋಡಿದ್ದಳು. ಅದರಲ್ಲಿ ಬಲಗಡೆಯ ಕೋರೆಹಲ್ಲು ತುಸು ಸೊಟ್ಟ. ಭಾವ ಹೊಸ ಸೆಟ್ಟಿನಲ್ಲೂ ಅದನ್ನು ಅಷ್ಟೇ ಸೊಟ್ಟಗೆ ಕೂರಿಸಿದರು. ಮುಂದಿನ ತಿಂಗಳು ಕ್ಲಬ್ಬಿನಲ್ಲಿ ಯಜಮಾನರು ಯಾರಿಗೋ ಬಯ್ಯುತ್ತಾ ಬಾಯಿ ತೆರೆದಾಗ ಭಾವನಿಗೆ ತಮ್ಮ ಕೈಕೆಲಸ ಕಂಡಿತು. ಮನೆಗೆ ಬಂದು ನಮಗೆ ಹೇಳಿ, ಬಾಯಿಗೆ ಬೀಗ ಹಾಕಿಸಿದರು. "ಅವರ ಬಾಯಿ ವಿಷಯ ನಮ್ಮ ಬಾಯಿಂದ ಬರಬಾರ್ದು" ಎಂದರು.

ಈಗ ಗೇರ್ ನಾಬಿಗೆ ಬರೋಣ. ಯಜಮಾನರ ಕಾರಿನ ನಾಬು ಅಪ್ಪಟ ಒರಿಜಿನಲ್. ಒಂದು ಮಧ್ಯಾಹ್ನ ಕ್ಲಬ್ಬಿನವರೆಲ್ಲ ಮುಂಭಾಗದಲ್ಲಿ ಚಹಾ ಕುಡಿಯುತ್ತಿದ್ದಾಗ ಭಾವ ನನ್ನ ತೋಳು ಹಿಡಿದು ಪಕ್ಕಕ್ಕೆಳೆದು, "ನೀನು ಇಲ್ಲೇ ನಿಂತು ವ್ಯಾನಿನ ಬಗ್ಗೆ ಜೋರಾಗಿ ಗೊಣಗ್ತಾ ಇರು" ಎಂದು ಹೇಳಿ ಯಜಮಾನರ ಕಾರಿನೊಳಗೆ ನುಸುಳಿದರು. ಜೇಬಿನಿಂದ ಬಾಯಿಯ ಅಚ್ಚು ತೆಗೆಯುವ ಗುಲಾಬಿ ಹಿಟ್ಟು ತೆಗೆದು ಕಲಸಿ ನಾಬಿಗೆ ಮೆತ್ತಿದರು. ನಾನು ಗೊಣಗುವುದರಲ್ಲಿ ಎತ್ತಿದ ಕೈ. ಹಿಟ್ಟು ಗಟ್ಟಿಯಾಗುವ ತನಕ ನನ್ನ ಕ್ಲಚ್ಚಿನ ಜನ್ಮ ಜಾಲಾಡಿದೆ.

ಮನೆಯಲ್ಲಿ ಆ ಅಚ್ಚಿಗೆ ಒಸಡಿನ ಪ್ಲಾಸ್ಟಿಕ್ಕನ್ನೇ ಕಪ್ಪು ಬಣ್ಣ ಬೆರೆಸಿ ಸುರಿದರು. ಬಿಳಿ ಗೆರೆಗಳಿಗೆ ಹಲ್ಲಿನ ಬಿಳುಪು ತುಂಬಬೇಕು. ನಾನು ತೀರಾ ಬೆಳ್ಳಗಿನದೊಂದನ್ನು ಎತ್ತಿ ಕೊಟ್ಟೆ. "ಛೆ, ಇದು ಹರೆಯದವರದು. ಈ ಕಾರಿಗೆ ವಯಸ್ಸಾಗಿದೆ. ಚಹಾ ಕುಡಿದು ಕುಡಿದು ಹಳದಿ ಆಗಿರೋ ಹಲ್ಲಿನ ಬಣ್ಣ ಕೊಡು" ಅಂದರು. ತಯಾರಾದ ನಾಬು ನೋಡಿದರೆ ನಿಜವಾದದ್ದೇ ತಾನು ಸುಳ್ಳೇನೋ ಎಂದು ನಾಚಿಕೊಳ್ಳಬೇಕು, ಹಾಗಿತ್ತು. ಹೊಳಪು ಕೊಡುವಾಗ ಉಜ್ಜಿ ಉಜ್ಜಿ ತುಸು ಸವೆದು, ಭಾವನ ಅಂಗೈಗೆ ಒಳ್ಳೇ ಹಿತವಾಗಿ ಕೂರುತ್ತಿತ್ತು ಬೇರೆ. ಭಾವ ಮಾತ್ರ ಅದನ್ನು ಮುಟ್ಟಿದಾಗಲೆಲ್ಲ ಹಸಿ ಬಣ್ಣ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. "ನಿಜವಾದದ್ದು ಸಿಗೋ ತನಕ ಅಷ್ಟೇ" ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಆದರೆ ಬಿಲ್ಲೆಗೆ ಅಡ್ಡ ಬಂದದ್ದು ನಾಬಲ್ಲ, ಪೆಟ್ರೋಲ್ ಮುಚ್ಚಳ.

ಯಜಮಾನರಿಗೆ ಹಳೇ ಪುಸ್ತಕದಂಗಡಿಯಲ್ಲಿ ಒಂದು ಫೋಟೋ ಸಿಕ್ಕಿತ್ತು. ಕಾರ್ಖಾನೆಯವರೇ ತೆಗೆಸಿದ್ದು. ಕಾರನ್ನು ಹಿಂದಿನಿಂದ ತೆಗೆದಿದ್ದಾರೆ. ಇನ್ನೂ ನಂಬರ್ ಪ್ಲೇಟು ಬೀಳದ ಹೊಸ ಕಾರು, ಸೀಟುಗಳ ಮೇಲೆ ಕ್ಯಾನ್ವಾಸ್ ಹೊದಿಕೆ ಬಿಗಿದಿದೆ, ಸ್ಟೇರಿಂಗ್ ಕಾಣುವುದಿಲ್ಲ. ಪಕ್ಕದಲ್ಲಿ ಕೋಟು ತೊಟ್ಟವನೊಬ್ಬ ಡಿಕ್ಕಿಯ ಮೇಲೆ ಮೊಣಕೈಯೂರಿ ನಮ್ಮ ಕಡೆ ನೋಡಿ ನಗುತ್ತಿದ್ದಾನೆ. ಕ್ಲಬ್ಬಿನವರು ಈ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗೋಡೆಯ ಎತ್ತರದಲ್ಲಿ ತೂಗುಹಾಕಿದರು. ಏನೇ ಜಗಳ ಬಂದರೂ ಎಲ್ಲರೂ ಕತ್ತು ಮೇಲೆತ್ತಿ ಅದನ್ನೇ ನೋಡುತ್ತಿದ್ದರು. ಅದರಲ್ಲಿ ಪೆಟ್ರೋಲ್ ಮುಚ್ಚಳ ಬಲಗಡೆಗಿತ್ತು. ಊರಿನ ಐದೂ ಕಾರಿನಲ್ಲಿ ಎಡಗಡೆಗಿತ್ತು.

"ಕಾರುಗಳು ಹಡಗಿಂದ ಇಳಿದ ಮೇಲೆ ಇಲ್ಲಿನ ಮಾರಾಟಗಾರ ಪಂಪಿನ ಅನುಕೂಲಕ್ಕೆ ಅಂತ ಎಡಕ್ಕೆ ಹಾಕಿಸಿದಾನೆ" ಎಂದು ಯಜಮಾನರು ತೀರ್ಪು ಕೊಟ್ಟರು. "ಕಾರ್ಖಾನೆ ಬಲಕ್ಕೇ ಇಟ್ಟಿತ್ತು. ಪುರಾವೆ ಗೋಡೆ ಮೇಲಿದೆ."

ಸರಿ, ಶುರುವಾಯಿತು ನೋಡಿ. ಮೊದಲು ಯಜಮಾನರು, ಅವರ ಹಿಂದೆ ಮಿಕ್ಕ ಮೂವರು, ಟಿಂಕರನ್ನು ಕರೆಸಿ ತಂತಮ್ಮ ಕಾರಿನ ಬಲಗಡೆ ದುಂಡಗೆ ತೂತು ಕೊಯ್ಯಿಸಿದರು. ಕೊಯ್ದ ಬಿಲ್ಲೆಯಾಕಾರದ ತಗಡನ್ನು ಎಡಗಡೆಯ ಹಳೇ ತೂತಿಗೆ ಬೆಸುಗೆ ಹಾಕಿಸಿದರು. ಬಣ್ಣ ಬಳಿಸಿ, ಎದೆಯುಬ್ಬಿಸಿ ಓಡಾಡಿದರು. ಭಾವ ಒಬ್ಬರೇ ಉಳಿದದ್ದು. ಅವರಿಗೆ ನಂಬಿಕೆ ಇಲ್ಲವೆಂದಲ್ಲ, ಧೈರ್ಯ ಇರಲಿಲ್ಲ. ಇಷ್ಟು ವರ್ಷ ಕೊಕ್ಕೆಯಿಂದ ಕೆರೆದು ಉಳಿಸಿಕೊಂಡ ತಗಡಿಗೆ ಮೆಷಿನ್ ಇಡಿಸುವುದೆಂದರೆ ಅವರ ಎದೆ ಹೊಡೆದುಕೊಳ್ಳುತ್ತಿತ್ತು. ಈ ವಾರ ಸೊಂಟ ನೋವು, ಮುಂದಿನ ವಾರ ಹಲ್ಲಿನ ಕೆಲಸ ಜಾಸ್ತಿ, ಆಮೇಲೆ ಟಿಂಕರಿಗೆ ನೆಗಡಿ ಎಂದು ಒಂದಲ್ಲ ಒಂದು ನೆಪ ಹೇಳಿ ಮುಂದೂಡುತ್ತಾ ಬಂದರು. ಕ್ಲಬ್ಬಿನಲ್ಲಿ ಇವರನ್ನು "ಎಡಗಡೆಯವರು" ಎಂದು ಕರೆಯಲು ಶುರುಮಾಡಿದರು. ಭಾವ ನಗುತ್ತಿದ್ದರು, ಆದರೆ ಮನೆಗೆ ಬಂದು ಊಟ ಮಾಡುತ್ತಿರಲಿಲ್ಲ. ಅದು ಕಂಡು ನನಗೆ ಆ ನಾಲ್ವರ ಟೈರಿನ ಗಾಳಿ ತೆಗೆಯಬೇಕೆನ್ನಿಸುತ್ತಿತ್ತು.

ಕೊನೆಗೆ ಯಜಮಾನರು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರು. "ಈ ಭಾನುವಾರ ಪರೀಕ್ಷೆ. ಮುಚ್ಚಳ ಬಲಕ್ಕಿದ್ದರೆ ಬಿಲ್ಲೆ. ಇಲ್ಲಾಂದ್ರೆ ಇನ್ನು ನಿಮ್ಮ ಕಾರನ್ನ ಪರೀಕ್ಷೆಗೆ ತಗೊಳ್ಳೋದೇ ಇಲ್ಲ." ಜಾಗ ಸರಿಯಾಗಿ ಅಳೆಯಲಿ ಎಂದು ಗೋಡೆಯ ಫೋಟೋವನ್ನೇ ಇಳಿಸಿ ಕೊಟ್ಟು ಕಳಿಸಿದರು.

ಭಾನುವಾರ ಬೆಳಿಗ್ಗೆ ಟಿಂಕರ್ ಬಂದ. ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ್ದಾಯಿತು. ಭಾವ ಸೀಮೆಸುಣ್ಣ ಹಿಡಿದು ಬಲಗಡೆಯ ತಗಡಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬರೆದ ವೃತ್ತ ಬದನೆಕಾಯಿಯಾಯಿತು. ಒರೆಸಿ ಮತ್ತೆ ಬರೆದರೆ ಇನ್ನೂ ದೊಡ್ಡ ಬದನೆಕಾಯಿ.

"ನೋಡೇ, ನೀನೇ ಬಾರೇ" ಎಂದು ಅಕ್ಕನನ್ನು ಕರೆದರು. "ನಿನ್ನ ಕೈ ನಡುಗಲ್ಲ."

ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೆಂಗಸರ ಬಟ್ಟೆ ಹೊಲಿಯಲು ಅವಳಿಗೆ ತಾಳ್ಮೆಯಿಲ್ಲ; ಗಂಡಸರ ಕೋಟು, ಪ್ಯಾಂಟು ಮಾತ್ರ. ಊರಿನ ಹೊಟ್ಟೆಗಳೆಲ್ಲ ಅವಳ ಟೇಪಿನ ಕೆಳಗೆ ಒಮ್ಮೆಯಾದರೂ ಉಸಿರು ಬಿಗಿಹಿಡಿದಿವೆ. ಈ ಫೋಟೋ ಮೊದಲ ಸಲ ಕ್ಲಬ್ಬಿನ ಗೋಡೆಗೇರಿದ ದಿನ ಅವಳು ಕೆಳಗಿನಿಂದಲೇ ನೋಡಿ, "ಪಾಪ, ಇವನು ಅವಸರದಲ್ಲಿ ಹೆಂಡ್ತಿ ಕೋಟು ಹಾಕ್ಕೊಂಡು ಬಂದಿದಾನೆ. ಗುಂಡಿ ಹೆಂಗಸರ ಕಡೆಗಿದೆ" ಅಂದಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಮರೆತಿದ್ದರು. ಅವಳೂ ಮರೆತಿದ್ದಳು.

ಈಗ ಅವಳು ಫೋಟೋವನ್ನು ತನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಂಗಾತ ಇಟ್ಟು, ಭಾವನ ಭೂತಗನ್ನಡಿ ಹಿಡಿದು, ಆ ನಗುವವನ ಮೊಣಕೈಯಿಂದ ಮುಚ್ಚಳಕ್ಕೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆಯತೊಡಗಿದಳು. ಭಾವ ಬಾಗಿಲಿಗೊರಗಿ ಉಗುರು ಕಚ್ಚುತ್ತಿದ್ದರು. ಅಂಗಳದಲ್ಲಿ ಟಿಂಕರ್ ಮೆಷಿನ್ ಒಮ್ಮೆ ಗುರ್ರೆನ್ನಿಸಿ ನೋಡಿ ಆರಿಸಿದ. ಭೂತಗನ್ನಡಿ ಮೊಣಕೈಯಿಂದ ತೋಳಿಗೆ, ತೋಳಿನಿಂದ ಎದೆಗೆ ಹತ್ತಿತು. ಅಲ್ಲೇ ನಿಂತುಬಿಟ್ಟಿತು.

"ರೀ" ಅಂದಳು ಅಕ್ಕ. "ಈ ಕೋಟು ಹೊಲಿದ ಟೈಲರಿಗೆ ತಲೆ ಕೆಟ್ಟಿತ್ತಾ?"

"ಕೋಟು ಬಿಡು ಮಾರಾಯ್ತಿ, ಮುಚ್ಚಳ ಅಳಿ."

"ಅಲ್ಲ ಕಣ್ರೀ. ಗುಂಡಿ ಈ ಕಡೆ ಇದೆ, ಸರಿ, ಹೆಂಡ್ತಿ ಕೋಟು ಅಂತಾನೇ ಇಟ್ಕೊಳ್ಳೋಣ. ಆದರೆ ಮೇಲಿನ ಜೇಬು ನೋಡಿ, ಎದೆಯ ಬಲಗಡೆಗಿದೆ. ಗಂಡಸರದಾಗಲಿ ಹೆಂಗಸರದಾಗಲಿ, ಆ ಜೇಬನ್ನ ಎಡಕ್ಕೇ ಇಡೋದು. ನಾನು ಇಷ್ಟು ವರ್ಷದಲ್ಲಿ ಒಂದೇ ಒಂದು ಬಲಗಡೆ ಇಟ್ಟಿಲ್ಲ. ಜೊತೆಗೆ ವಾಚೂ ಬಲಗೈಗೆ ಕಟ್ಟಿದಾನೆ." ಅವಳು ತಲೆಯೆತ್ತಿದಳು. "ಒಬ್ಬ ಮನುಷ್ಯ ಒಂದು ತಪ್ಪು ಮಾಡಬಹುದು. ಮೈಯೆಲ್ಲಾ ಹೇಗ್ರೀ ಉಲ್ಟಾ ಆಗ್ತಾನೆ?"

ಭಾವ ಉಗುರು ಕಚ್ಚುವುದನ್ನು ನಿಲ್ಲಿಸಿದರು. ಅಚ್ಚಿನೊಳಗೆ ಎಡವೆಲ್ಲ ಬಲ, ಬಲವೆಲ್ಲ ಎಡ ಎನ್ನುವುದನ್ನು ದಿನಬೆಳಗಾದರೆ ಕೈಯಲ್ಲಿ ಹಿಡಿದು ನೋಡುವ ಮನುಷ್ಯ ಅವರು. ಮೆಲ್ಲಗೆ ಜೇಬಿನಿಂದ ಹಲ್ಲು ನೋಡುವ ಕನ್ನಡಿ ತೆಗೆದು ಫೋಟೋದ ಪಕ್ಕ ಹಿಡಿದರು. ಪುಟ್ಟ ಕನ್ನಡಿಯಲ್ಲಿ ಮೊದಲು ಜೇಬು ಕಂಡಿತು, ಎಡಗಡೆಗೆ. ಗುಂಡಿಗಳು ಕಂಡವು, ಗಂಡಸರ ಕಡೆಗೆ. ವಾಚು ಎಡಗೈಗೆ ಬಂತು. ಕನ್ನಡಿ ಹಿಡಿದ ಕೈ ಕೊನೆಗೆ ಮುಚ್ಚಳದ ಬಳಿ ಬಂತು.

ಅವರು ಫೋಟೋ ಎತ್ತಿಕೊಂಡು, ಬಟ್ಟೆ ಹಾಕಿ ನೋಡಲು ಅಕ್ಕ ಗೋಡೆಗೆ ಒರಗಿಸಿಟ್ಟಿದ್ದ ಆಳೆತ್ತರದ ಕನ್ನಡಿಯ ಮುಂದೆ ಹಿಡಿದರು. ಕನ್ನಡಿಯೊಳಗೆ ಕೋಟಿನವನು ಸರಿಯಾಗಿ ಗುಂಡಿ ಹಾಕಿಕೊಂಡು ನಿಂತಿದ್ದ. ಅವನ ಪಕ್ಕದಲ್ಲಿ ಕಾರು. ಕಾರಿನ ಎಡಗಡೆ ಪೆಟ್ರೋಲ್ ಮುಚ್ಚಳ.

"ನೆಗೆಟಿವ್ ತಿರುಗಿಸಿ ಇಟ್ಟು ಪ್ರಿಂಟ್ ಹಾಕಿದಾರೆ" ಎಂದು ಭಾವ ಪಿಸುಗುಟ್ಟಿದರು. ಹಾಗೇ ನೆಲದ ಮೇಲೆ, ಬಟ್ಟೆ ಚೂರುಗಳ ನಡುವೆ ಕೂತುಬಿಟ್ಟರು. "ಎಡಗಡೆಗೇ ಇತ್ತು ಕಣೇ. ಮೊದಲಿಂದ ಎಡಗಡೆಗೇ ಇತ್ತು."

ಅಷ್ಟರಲ್ಲಿ ಟಿಂಕರ್ ಒಳಗೆ ಇಣುಕಿದ. "ಸರ್, ಕೊಯ್ಯಲಾ?"

"ಬೇಡ" ಎಂದು ನಾವು ಮೂವರೂ ಒಟ್ಟಿಗೆ ಕೂಗಿದ ರಭಸಕ್ಕೆ ಅವನ ಕೈಯಿಂದ ಮೆಷಿನ್ ಜಾರಿತು. ಭಾವ ಎದ್ದು ಹೋಗಿ ಅವನನ್ನು ಅಪ್ಪಿಕೊಂಡರು. ಕೆಲಸ ತಪ್ಪಿತಲ್ಲ ಎಂದು ಅವನ ಮುಖ ಬಾಡಿದ್ದು ನೋಡಿ, "ನೀನು ಯೋಚನೆ ಮಾಡ್ಬೇಡಪ್ಪ, ನಾಲ್ಕು ಕಾರನ್ನ ವಾಪಸು ಕೊಯ್ಯೋದಿದೆ" ಎಂದೆ ನಾನು. ಅವನ ಮುಖ ಅರಳಿದ್ದು ನೋಡಬೇಕಿತ್ತು. ಭಾವನಂತೂ ಕಾರಿನ ಸುತ್ತ ಓಡಿದರು, ಎಡಗಡೆಯ ಮುಚ್ಚಳಕ್ಕೆ ಮುತ್ತು ಕೊಟ್ಟರು, ಬಾಯಿಗೆ ಪೆಟ್ರೋಲ್ ವಾಸನೆ ಬಂತೆಂದು ಉಗಿದರು, ಮತ್ತೆ ಮುತ್ತು ಕೊಟ್ಟರು. ಹೆದರಿ ಹೆದರಿ ಏನೂ ಮಾಡದೆ ಕೂತಿದ್ದಕ್ಕೆ ಇವರ ಕಾರೊಂದೇ ಒರಿಜಿನಲ್ ಆಗಿ ಉಳಿದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ನಾನು ಅವತ್ತೇ ಹೇಳಿದ್ದೆ" ಎಂಬ ಮಾತನ್ನು ಕ್ಲಬ್ಬಿಗೆ ಹೊರಡುವ ತನಕ ಬೇರೆ ಬೇರೆ ರಾಗದಲ್ಲಿ ಹೇಳಿದಳು.

ಕ್ಲಬ್ಬಿಗೆ ಹೋದ ಮೆರವಣಿಗೆಯೇ ಒಂದು ಚಂದ. ಮುಂದೆ ಭಾವ-ಅಕ್ಕನ ಹಸಿರು ಕಾರು, ಹಿಂದೆ ನನ್ನ ಸ್ಕೂಲ್ ವ್ಯಾನ್. ಮಕ್ಕಳ ಸೀಟಿನ ಮೇಲೆ ಆಳೆತ್ತರದ ಕನ್ನಡಿ, ಅದು ಬೀಳದ ಹಾಗೆ ಹಿಡಿದುಕೊಂಡು ಟಿಂಕರ್.

ಡಿಪೋದಲ್ಲಿ ಯಜಮಾನರು ಬಾಗಿ ಮುಚ್ಚಳ ನೋಡಿದವರೇ ಹುಬ್ಬು ಗಂಟಿಕ್ಕಿದರು. "ಎಡಗಡೆಗೇ ಇದೆ."

"ಹೌದು" ಅಂದರು ಭಾವ. ಅವರ ತುಟಿ ಕುಣಿಯುತ್ತಿತ್ತು. "ಅದೇ ಒರಿಜಿನಲ್."

"ಪುರಾವೆ?"

ಈ ಒಂದು ಪದಕ್ಕೆ ನಾವು ಕಾದಿದ್ದೆವು. ಕನ್ನಡಿ ಇಳಿಯಿತು. ಫೋಟೋ ಅದರ ಮುಂದೆ ಏರಿತು. ಅಕ್ಕ ಯಜಮಾನರನ್ನೇ ಎಳೆದು ನಿಲ್ಲಿಸಿ, ಅವರ ಕೋಟಿನ ಜೇಬನ್ನೂ ಗುಂಡಿಯನ್ನೂ ತಟ್ಟಿ ತಟ್ಟಿ ತೋರಿಸಿದಳು. ಆ ಕೋಟನ್ನೂ ಅವಳೇ ಹೊಲಿದಿದ್ದಳು. ಯಜಮಾನರು ಒಮ್ಮೆ ಫೋಟೋ ನೋಡಿದರು, ಒಮ್ಮೆ ಕನ್ನಡಿ ನೋಡಿದರು, ಒಮ್ಮೆ ತಮ್ಮ ಎದೆ ನೋಡಿಕೊಂಡರು. ಆಮೇಲೆ ನಿಧಾನವಾಗಿ ತಿರುಗಿ, ಬಲಗಡೆಗೆ ಹೊಳೆಯುವ ಮುಚ್ಚಳ ಹೊತ್ತು ಸಾಲಾಗಿ ನಿಂತಿದ್ದ ನಾಲ್ಕು ಕಾರುಗಳನ್ನು ನೋಡಿದರು. ಮಿಕ್ಕ ಮೂವರಲ್ಲಿ ಒಬ್ಬರಾದ ಬೇಕರಿಯವರು ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡು, "ಹೊಲಿಗೆಯಮ್ಮ ಅವತ್ತೇ ಹೇಳಿದ್ರಲ್ಲ" ಎಂದು ನರಳಿದರು. ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಆಮೇಲೆ ಡಿಪೋದ ತಗಡಿನ ಮಾಡು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಟಿಂಕರ್ ಮೂಲೆಯಲ್ಲಿ ನಿಂತು ಮುಂದಿನ ವಾರಗಳನ್ನು ಬೆರಳಲ್ಲಿ ಎಣಿಸುತ್ತಿದ್ದ.

ಯಜಮಾನರು ಕಣ್ಣೊರೆಸಿಕೊಂಡು, "ಸರಿ, ಪರೀಕ್ಷೆ ಮುಗಿಸೋಣ" ಎಂದು ಹಿತ್ತಾಳೆ ಬಿಲ್ಲೆಯನ್ನು ಜೇಬಿನಿಂದ ತೆಗೆದು ಬಾನೆಟ್ಟಿನ ಮೇಲಿಟ್ಟರು. ಭಾವನ ಕಣ್ಣು ಅದರಿಂದ ಕದಲಲಿಲ್ಲ. ಇಂಜಿನ್, ದೀಪ, ಸ್ಕ್ರೂಗಳ ತಲೆ, ವೈಪರ್, ಬಣ್ಣ, ಒಂದಾದ ಮೇಲೊಂದು ಪಾಸಾದವು. ಕಡೆಗೆ ಯಜಮಾನರು ಸೀಟಿನಲ್ಲಿ ಕೂತು ಗೇರ್ ನಾಬಿನ ಮೇಲೆ ಅಂಗೈ ಇಟ್ಟರು.

"ಎಲ್ಲರೂ ಇಲ್ಲಿ ಬಂದು ನೋಡಿ" ಅಂದರು ಯಜಮಾನರು. "ಒರಿಜಿನಲ್ ನಾಬು ಅಂದ್ರೆ ಇದು. ಈ ಗೆರೆಗಳ ಹಳದಿ ನೋಡಿ. ಇದನ್ನ ಯಾರಿಂದಲೂ ನಕಲು ಮಾಡಕ್ಕಾಗಲ್ಲ."

ನಾನು ಭಾವನ ಅಂಗಿ ಹಿಂದಿನಿಂದ ಜಗ್ಗಿದೆ. ಸುಮ್ಮನಿದ್ದರೆ ಸಾಕಿತ್ತು. ಬಿಲ್ಲೆ ಅಲ್ಲೇ ಕೈಗೆಟಕುವಷ್ಟು ದೂರದಲ್ಲಿತ್ತು. ಭಾವನ ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ.

"ಅದು ನಾನು ಮಾಡಿದ್ದು" ಅಂದರು ಭಾವ. "ಒಸಡಿನ ಪ್ಲಾಸ್ಟಿಕ್ಕಲ್ಲಿ. ಗೆರೆಗೆ ಹಲ್ಲಿನ ಬಣ್ಣ ತುಂಬಿದೀನಿ. ನಿಮ್ಮ ಕಾರಿನ ನಾಬಿಂದಲೇ ನಿಮಗೆ ಹೇಳದೆ ಅಚ್ಚು ತೆಗೆದೆ. ತಪ್ಪಾಯ್ತು ಯಜಮಾನರೇ. ಬಿಲ್ಲೆ ಒಳಗಿಟ್ಕೊಳ್ಳಿ."

ಅಕ್ಕ ಮುಂದೆ ಬಂದು ಗಂಡನ ಪಕ್ಕ ನಿಂತಳು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾವುದನ್ನು ಮೊದಲು ಹೊರಗೆ ಬಿಡಲಿ ಎಂದು ತಿಳಿಯದೆ ನಿಂತೆ.

ಯಜಮಾನರು ಕಾರಿನಿಂದ ಇಳಿಯಲಿಲ್ಲ. ನಾಬನ್ನು ತಿರುಗಿಸುತ್ತಾ ತಿರುಗಿಸುತ್ತಾ ಬಿಚ್ಚಿದರು. "ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಚಹಾ ಕುಡಿದು ಬಂದು ಕಾರಲ್ಲಿ ಕೂತೆ. ನನ್ನ ನಾಬು ಪುದೀನ ವಾಸನೆ ಹೊಡೀತಿತ್ತು. ಡಾಕ್ಟರು ನನ್ನ ಬಾಯಿಗೆ ಅಚ್ಚಿನ ಹಿಟ್ಟು ತುಂಬಿದಾಗ ಬಂದಿತ್ತಲ್ಲ, ಅದೇ ವಾಸನೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ಈ ಹುಡುಗಿ ಕ್ಲಚ್ಚಿಗೆ ಯಾಕೆ ಅಷ್ಟು ಬಯ್ತಿದ್ದಾಳೆ ಅಂತಾನೂ ಆಗ್ಲೇ ಗೊತ್ತಾಯ್ತು" ಎಂದರು.

ನಾನು ವ್ಯಾನಿನ ಕಡೆ ನೋಡಿದೆ. ಓಡಿಹೋಗಲು ತುಸು ದೂರವಾಗುತ್ತಿತ್ತು.

"ಹಾಗಾದ್ರೆ ಆಗ್ಲೇ ಯಾಕೆ ಹೇಳ್ಲಿಲ್ಲ?" ಎಂದರು ಭಾವ, ದಂಗಾಗಿ.

"ಪುರಾವೆ ಸಿಕ್ಕಿದ್ದು ನಾಬಿನ ವಿಷಯಕ್ಕೆ. ಮನುಷ್ಯನ ವಿಷಯಕ್ಕೆ ಪುರಾವೆ ಇವತ್ತು ಸಿಕ್ತು." ಯಜಮಾನರು ಸರಸರನೆ ತಮ್ಮ ಕಾರಿಗೆ ಹೋಗಿ, ಅದರ ಒರಿಜಿನಲ್ ನಾಬನ್ನು ಬಿಚ್ಚಿ ತಂದು, ಭಾವನ ಕಾರಿನ ಗೇರ್ ಕೋಲಿಗೆ ತಿರುಗಿಸಿ ಕೂರಿಸಿದರು. ಭಾವ ಮಾಡಿದ್ದನ್ನು ತಮ್ಮ ಕೋಟಿನ ಮೇಲಿನ ಜೇಬಿಗೆ, ಎಡಗಡೆಯ ಜೇಬಿಗೆ, ಹಾಕಿಕೊಂಡರು.

"ಇದು ನನಗಿರಲಿ. ನನ್ನ ಬಾಯಲ್ಲಿರೋದೂ ನಿಮ್ಮ ಕೈಕೆಲಸವೇ ಅಂತ ಡಾಕ್ಟರು ಯಾವತ್ತೋ ಹೇಳಿದ್ರು. ಈ ಹಲ್ಲು ಹಾಕ್ಕೊಂಡು ಮನೆಗೆ ಹೋದ ದಿನ ನಮ್ಮನೆಯವಳು ಕೋರೆಹಲ್ಲು ನೋಡಿ, ನಮ್ಮ ಮದುವೆ ದಿನದ ಥರಾನೇ ನಗ್ತಿದೀರಿ ಅಂದಳು. ಅವಳಿಗೆ ನಾನು ಪುರಾವೆ ಕೇಳ್ಲಿಲ್ಲ" ಅಂದರು. ಥಟ್ಟನೆ ಏನೋ ಹೊಳೆದವರ ಹಾಗೆ ನಿಂತು, ಕೆನ್ನೆ ಸವರಿಕೊಂಡು, "ಆ ಹಳೇ ಫೋಟೋ ಉಲ್ಟಾ ಇರ್ಲಿಲ್ಲ ತಾನೇ?" ಎಂದರು.

"ಇಲ್ಲ" ಎಂದಳು ಅಕ್ಕ. "ಅದರಲ್ಲಿ ನಿಮ್ಮ ಕೋಟಿನ ಜೇಬು ಸರಿಯಾಗಿತ್ತು."

ಬಿಲ್ಲೆಯನ್ನು ಭಾವನೇ ಸ್ಕ್ರೂ ಹಾಕಿ ಕೂರಿಸಬೇಕೆಂದು ಯಜಮಾನರು ಹಟ ಹಿಡಿದರು. ಭಾವನ ಕಣ್ಣು ತುಂಬಿ ಸ್ಕ್ರೂ ಕಾಣಿಸುತ್ತಿರಲಿಲ್ಲ. ಅಕ್ಕ ಬೆರಳು ಹಿಡಿದು ಜಾಗ ತೋರಿಸಿದಳು.

ವಾಪಸು ಬರುವಾಗ ಊರ ದಾರಿಯಲ್ಲಿ ಭಾವನ ಕಾರು ಮುಂದೆ, ನಾನು ಹಿಂದೆ. ನೋಡುತ್ತೇನೆ, ಪ್ರತಿ ತಿರುವಿನಲ್ಲೂ ಅದು ಮುಗ್ಗರಿಸಿ ಮುಗ್ಗರಿಸಿ ಹೋಗುತ್ತಿದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಾಯ್ತು ಭಾವ?" ಎಂದೆ.

ಭಾವ ಬಿಲ್ಲೆಯನ್ನು ನೋಡಿದರು, ನಾಬನ್ನು ನೋಡಿದರು, ನನ್ನನ್ನು ನೋಡಿದರು. ಮುಖದ ತುಂಬ ನಗು.

"ಒರಿಜಿನಲ್ ನಾಬು ಕಣಮ್ಮ" ಅಂದರು. "ಕೈಗೆ ಕೂರ್ತಾನೇ ಇಲ್ಲ."